ಓಗೊಡದವರ ಒಳಗಿನ ಅರಿವು

ಕೇಳುಗರಿಗೆ ನಮಸ್ಕಾರ. ಮಿದುಳಿಗೆ ಪೆಟ್ಟು ಬಿದ್ದು ಮಲಗಿರುವವರ ಪಕ್ಕದಲ್ಲಿ ಕುಳಿತು ನಿಮ್ಮಲ್ಲಿ ಕೆಲವರು ಇದನ್ನು ಕೇಳುತ್ತಿರಬಹುದು. ನನ್ನ ಮಾತು ಮುಖ್ಯವಾಗಿ ನಿಮಗೇ. ಹೇಳುವುದು ಒಂದೇ: ಕರೆದಾಗ ಓಗೊಡಲಿಲ್ಲ ಎಂದ ಮಾತ್ರಕ್ಕೆ ಒಳಗೆ ಅರಿವಿಲ್ಲ ಎಂದಾಗುವುದಿಲ್ಲ.

ಪ್ರಜ್ಞೆ ಎಂದರೇನು? ನೋವು, ಬೆಳಕು, ದನಿ ಒಬ್ಬರಿಗೆ ಒಳಗಿನಿಂದ ಅನುಭವಕ್ಕೆ ಬರುವುದು. ಕಣ್ಣು ತೆರೆದಿರುವುದೇ ಬೇರೆ, ಅದು ಬೇರೆ.

2005ರಲ್ಲಿ ಇಂಗ್ಲೆಂಡಿನಲ್ಲಿ 23 ವರ್ಷದ ಯುವತಿಯೊಬ್ಬಳು ರಸ್ತೆ ಅಪಘಾತದಲ್ಲಿ ಮಿದುಳಿಗೆ ತೀವ್ರ ಪೆಟ್ಟು ಮಾಡಿಕೊಂಡಳು. ತಿಂಗಳುಗಳು ಕಳೆದವು. ಕಣ್ಣು ತೆರೆಯುತ್ತಿದ್ದಳು, ನಿದ್ದೆ ಹೋಗುತ್ತಿದ್ದಳು. ಹೇಳಿದ್ದಕ್ಕೆ ಬೆರಳೂ ಅಲುಗುತ್ತಿರಲಿಲ್ಲ. ಕೇಂಬ್ರಿಜ್‌ನ ನರವಿಜ್ಞಾನಿ ಏಡ್ರಿಯನ್ ಓವನ್ ಮತ್ತು ಸಂಗಡಿಗರು ಅವಳನ್ನು, ಮಿದುಳಿನ ಯಾವ ಭಾಗ ಚುರುಕಾಗಿದೆ ಎಂದು ತೋರಿಸುವ ಎಂಆರ್‌ಐ ಯಂತ್ರದೊಳಗೆ ಮಲಗಿಸಿ, ಟೆನಿಸ್ ಆಡುತ್ತಿರುವಂತೆ ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಲು ಹೇಳಿದರು. ಚಲನೆಗೆ ಸಿದ್ಧತೆ ನಡೆಸುವ ಮಿದುಳಿನ ಭಾಗ ಚುರುಕಾಯಿತು! ನಿಮ್ಮ ಮನೆಯ ಕೋಣೆಗಳಲ್ಲಿ ಓಡಾಡುತ್ತಿರುವಂತೆ ಕಲ್ಪಿಸಿಕೊಳ್ಳಿ ಎಂದಾಗ ಜಾಗಗಳನ್ನು ಗುರುತಿಸುವ ಭಾಗ ಚುರುಕಾಯಿತು. ಆರೋಗ್ಯವಂತರ ಮಿದುಳಿನಲ್ಲಿ ಕಂಡದ್ದೂ ಅದೇ. ‘ಟೆನಿಸ್’ ಎಂಬ ಪದ ಕಿವಿಗೆ ಬಿದ್ದಾಗ ಮಿದುಳು ತಾನಾಗಿ ಮಿಡಿದಿರಬಹುದು ಎಂದು ಆಕ್ಷೇಪ ಎತ್ತಿದವರಿದ್ದಾರೆ. ಹಾಗಾಗಿದ್ದರೆ ಅದು ಕ್ಷಣದಲ್ಲೇ ಅಡಗಬೇಕಿತ್ತು. ಅರ್ಧ ನಿಮಿಷ, ವಿಶ್ರಮಿಸಲು ಹೇಳುವವರೆಗೂ, ಅದು ಬಿಡದೆ ನಡೆಯಿತು. ಆಕೆ ಕೇಳಿಸಿಕೊಂಡಿದ್ದಳು, ಹೇಳಿದ್ದನ್ನು ಮಾಡಿದ್ದಳು. ಓಗೊಡಲು ದೇಹ ಮಾತ್ರ ಒಪ್ಪಿರಲಿಲ್ಲ.

ಇದು ಅಪರೂಪದ ಪ್ರಕರಣ ಎನ್ನಬೇಡಿ. 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೇಳಿದ್ದಕ್ಕೆ ಹೊರಗೆ ಸ್ಪಂದಿಸದ 241 ಮಂದಿಯನ್ನು ಹೀಗೇ ಪರೀಕ್ಷಿಸಿದಾಗ 60 ಮಂದಿಯ ಮಿದುಳು ಸ್ಪಂದಿಸಿತ್ತು. ನಾಲ್ವರಲ್ಲಿ ಒಬ್ಬರು.

ಹಾಗಾದರೆ ಪ್ರಜ್ಞೆಯನ್ನು ಸಾಬೀತುಪಡಿಸಬಹುದೇ? ಗಣಿತದ ಪ್ರಮೇಯದಂತೆ ಸಾಧ್ಯವಿಲ್ಲ. ನನ್ನ ಅರಿವನ್ನು ನೀವೂ ನನ್ನ ಮಾತಿನಿಂದಲೇ ಊಹಿಸುತ್ತಿದ್ದೀರಿ. ಮಿದುಳಿನಲ್ಲಿ ಪ್ರಜ್ಞೆಯ ಗುರುತನ್ನು 25 ವರ್ಷಗಳಲ್ಲಿ ಪತ್ತೆ ಹಚ್ಚುತ್ತೇವೆ ಎಂದು 1998ರಲ್ಲಿ ವಿಜ್ಞಾನಿ ಕ್ರಿಸ್ಟೋಫ್ ಕಾಕ್ ತತ್ತ್ವಜ್ಞಾನಿ ಡೇವಿಡ್ ಚಾಮರ್ಸ್ ಜೊತೆ ಪಂದ್ಯ ಕಟ್ಟಿದ್ದರು, 2023ರಲ್ಲಿ ಸೋಲೊಪ್ಪಿಕೊಂಡರು. ಆ ಚರ್ಚೆ ನಡೆಯಲಿ. ಅದು ಮುಗಿಯಲೆಂದು ಮಲಗಿರುವವರು ಕಾಯಬೇಕಾಗಿಲ್ಲ.

ಸಮಯ ಕಡಿಮೆ ಇದೆ, ಕೆಲಸದ ಮಾತಿಗೆ ಬರುತ್ತೇನೆ. ದಯವಿಟ್ಟು ಅವರ ತಲೆಯ ಮೇಲಿನಿಂದ ಅವರ ಬಗ್ಗೆಯೇ ಚರ್ಚೆ ಮಾಡಬೇಡಿ. ಹೆಸರು ಹಿಡಿದು ಮಾತನಾಡಿಸಿ. ಓಗೊಡದಿದ್ದರೂ ಮಾತನಾಡಿಸಿ. ಒಂದೇ ಸಲದ ಪರೀಕ್ಷೆ ಸಾಲದು, ಬೇರೆ ಬೇರೆ ಹೊತ್ತಿನಲ್ಲಿ ಮತ್ತೆ ಪರೀಕ್ಷಿಸಿ ಎಂದು ವೈದ್ಯರನ್ನು ಕೇಳಿ. ಒಂದು ಕನ್ನಡಿ ತಂದು ಅವರ ಮುಖ ಅವರಿಗೇ ಕಾಣುವಂತೆ ಹಿಡಿದು, ನಿಧಾನವಾಗಿ ಪಕ್ಕಕ್ಕೆ ಸರಿಸಿ. ಕಣ್ಣು ಅದರ ಹಿಂದೆ ಹೋದರೆ ಅದು ಅರಿವಿನ ಗುರುತಿರಬಹುದು, ಅಂದೇ ವೈದ್ಯರಿಗೆ ತಿಳಿಸಿ.