ಹಡಗು ನಿಂತ ಹೊತ್ತಿನಲ್ಲಿ ಬಾರ್ಬಡೋಸ್

ಕೇಳುಗರಿಗೆ ನಮಸ್ಕಾರ.

ಕೆರಿಬಿಯನ್ ಸಮುದ್ರದಲ್ಲಿ ಪ್ರವಾಸಿ ಹಡಗು ಹತ್ತಿದವರಿಗೆ ಹೆಚ್ಚುಕಡಿಮೆ ದಿನಕ್ಕೊಂದು ದ್ವೀಪ. ಬೆಳಿಗ್ಗೆ ಎಂಟರ ಸುಮಾರಿಗೆ ಹಡಗು ಬಂದರು ಸೇರುತ್ತದೆ, ಸಂಜೆ ಐದಾರು ಗಂಟೆಗೆ ಹೊರಟುಬಿಡುತ್ತದೆ. ನಡುವಿನ ಹೊತ್ತನ್ನು ಹೇಗೆ ಕಳೆಯಬೇಕೆಂಬುದನ್ನು ಹಡಗಿನವರೇ ಮೊದಲೇ ಗೊತ್ತುಮಾಡಿಟ್ಟಿರುತ್ತಾರೆ. ತಂಪಾದ ಬಸ್ಸು, ಮುಂದೆ ಫಲಕ ಹಿಡಿದು ನಡೆಯುವ ಮಾರ್ಗದರ್ಶಿ, ನಾಲ್ಕು ಕಡೆ ಇಳಿದು ಫೋಟೊ ತೆಗೆದುಕೊಳ್ಳುವಷ್ಟು ಸಮಯ. ಮಂಡಿನೋವಿನವರಿಗೆ, ಕೈಗೂಸು ಇರುವವರಿಗೆ ಅದೇ ಸರಿ. ಆದರೆ ನಡೆಯಬಲ್ಲವರು, ಊರ ಬಸ್ಸು ಹತ್ತಲು ಹಿಂಜರಿಯದವರು ಬಾರ್ಬಡೋಸ್‌ನಲ್ಲಿ ತಾವಾಗಿಯೇ ಹೊರಡಬೇಕು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯ.

ಬಾರ್ಬಡೋಸ್ ಅನ್ನೇ ಹೆಸರಿಸಲು ಕಾರಣವಿದೆ. ಉದ್ದ ಮೂವತ್ತನಾಲ್ಕು ಕಿಲೋಮೀಟರ್, ಅಗಲ ಇಪ್ಪತ್ತಮೂರು. ಜನಸಂಖ್ಯೆ ಮೂರು ಲಕ್ಷಕ್ಕಿಂತ ಕಡಿಮೆ. ಇಂಗ್ಲಿಷ್ ನಡೆಯುತ್ತದೆ, ವಾಹನಗಳು ನಮ್ಮಲ್ಲಿಯಂತೆಯೇ ಎಡಬದಿಯಲ್ಲಿ ಓಡುತ್ತವೆ. ಹಣದ ಲೆಕ್ಕವೂ ಸುಲಭ: ಅಲ್ಲಿನ ಎರಡು ಡಾಲರಿಗೆ ಅಮೆರಿಕದ ಒಂದು ಡಾಲರ್, ದಶಕಗಳಿಂದ ಇದೇ ದರ. ಎಲ್ಲಕ್ಕಿಂತ ಮುಖ್ಯವಾಗಿ, ರಾಜಧಾನಿ ಬ್ರಿಡ್ಜ್‌ಟೌನ್ ಬಂದರಿನಿಂದ ಕಾಲ್ನಡಿಗೆಯ ದೂರದಲ್ಲಿದೆ. ಬಂದರಿನ ಗೇಟಿನ ಹೊರಗೆ ಟ್ಯಾಕ್ಸಿಯವರು ಮುತ್ತಿಕೊಳ್ಳುತ್ತಾರೆ. ನಯವಾಗಿ ಬೇಡವೆಂದು ಹೇಳಿ ಸಮುದ್ರದ ಪಕ್ಕದ ದಾರಿ ಹಿಡಿದರೆ ಅರ್ಧ ಗಂಟೆಯೊಳಗೆ ಊರ ನಡುವೆ ಇರುತ್ತೀರಿ.

ಆದರೆ ಕ್ರಿಕೆಟ್ ಬಲ್ಲ ಕನ್ನಡಿಗರು ಊರಿಗೆ ಹೋಗುವ ಮುನ್ನ ಸ್ವಲ್ಪ ಒಳದಾರಿ ಹಿಡಿಯಬೇಕು. ಬಂದರಿಗೆ ಹತ್ತಿರದಲ್ಲೇ ಕೆನ್ಸಿಂಗ್ಟನ್ ಓವಲ್ ಕ್ರಿಕೆಟ್ ಮೈದಾನ ಇದೆ. ಹೊರಗೆ ಬ್ಯಾಟು ಬೀಸುತ್ತಿರುವ ಸರ್ ಗಾರ್‌ಫೀಲ್ಡ್ ಸೋಬರ್ಸ್ ಪ್ರತಿಮೆ. ವೆಸ್ಟ್ ಇಂಡೀಸ್‌ನ ಹಳೆಯ ದಿಗ್ಗಜರಾದ ಫ್ರ್ಯಾಂಕ್ ವೊರೆಲ್, ಎವರ್ಟನ್ ವೀಕ್ಸ್, ಕ್ಲೈಡ್ ವಾಲ್ಕಾಟ್ ಮೂವರೂ ಈ ಮೈದಾನದ ಆಸುಪಾಸಿನ ಓಣಿಗಳಲ್ಲಿ ಹುಟ್ಟಿದವರು. 1962ರಲ್ಲಿ ನಮ್ಮ ನಾಯಕ ನರಿ ಕಾಂಟ್ರಾಕ್ಟರ್ ತಲೆಗೆ ಚೆಂಡು ಬಡಿದು ತಲೆಬುರುಡೆ ಬಿರಿದದ್ದು ಇಲ್ಲೇ. ಆಗ ಅವರಿಗಾಗಿ ರಕ್ತ ಕೊಟ್ಟವರಲ್ಲಿ ಎದುರಾಳಿ ನಾಯಕ ವೊರೆಲ್ ಕೂಡ ಇದ್ದರು. 1997ರಲ್ಲಿ ವೆಸ್ಟ್ ಇಂಡೀಸ್ ವಿರುದ್ಧದ ಟೆಸ್ಟ್‌ನಲ್ಲಿ ಗೆಲ್ಲಲು ಬರೀ 120 ರನ್ ಬೇಕಿದ್ದಾಗ ಭಾರತ 81ಕ್ಕೆ ಉದುರಿತು. ಆ ತಂಡದಲ್ಲಿ ಬೆಂಗಳೂರಿನ ಯುವಕ ರಾಹುಲ್ ದ್ರಾವಿಡ್ ಇದ್ದರು; ಮೊದಲ ಇನ್ನಿಂಗ್ಸ್‌ನಲ್ಲಿ 78 ರನ್ ಹೊಡೆದಿದ್ದರು. ಅದೇ ಮೈದಾನದಲ್ಲಿ 2024ರ ಜೂನ್ 29ರಂದು ಭಾರತ ದಕ್ಷಿಣ ಆಫ್ರಿಕವನ್ನು ಏಳು ರನ್ನುಗಳಿಂದ ಸೋಲಿಸಿ ಟಿ20 ವಿಶ್ವಕಪ್ ಗೆದ್ದಾಗ ದ್ರಾವಿಡ್ ತಂಡದ ತರಬೇತುದಾರ. ಎಂದೂ ದನಿ ಏರಿಸದ ಆ ಮನುಷ್ಯ ಕಪ್ ಕೈಗೆ ಬಂದಾಗ ಕೂಗಿದ ಕೂಗನ್ನು ನೀವೆಲ್ಲ ಟಿವಿಯಲ್ಲಿ ಕಂಡಿದ್ದೀರಿ. ಹೊರಗಿನ ಬೇಲಿಯ ಪಕ್ಕ ನಿಂತು ಅದನ್ನೆಲ್ಲ ನೆನೆದಾಗ ನನಗೆ ಗಂಟಲು ಕಟ್ಟಿತ್ತು. ಹಡಗಿನ ಪ್ರವಾಸದ ಬಸ್ಸು ಇದರ ಮುಂದೆ ವೇಗ ತಗ್ಗಿಸಿ ಸಾಗುತ್ತದೆ, ಅಷ್ಟೇ.

ಊರೊಳಗೆ ಬಂದರೆ ಕೆರಿನೇಜ್ ಎಂಬ ಕಿರಿದಾದ ಒಳಬಂದರು ಸಿಗುತ್ತದೆ. ಹಿಂದೆ ಹಾಯಿ ಹಡಗುಗಳನ್ನು ಇಲ್ಲಿ ಮಗ್ಗುಲಿಗೆ ವಾಲಿಸಿ ತಳದ ಪಾಚಿ, ಚಿಪ್ಪು ಕೆರೆಯುತ್ತಿದ್ದರು. ಅದರ ದಡದಲ್ಲೇ ಸಂಸತ್ ಭವನ. ಈ ಪುಟ್ಟ ದ್ವೀಪದ ಸಂಸತ್ತು ಶುರುವಾದದ್ದು 1639ರಲ್ಲಿ. ಎದುರಿನ ಚೌಕದಲ್ಲಿ 1813ರಿಂದ ಬ್ರಿಟಿಷ್ ನೌಕಾಧಿಪತಿ ನೆಲ್ಸನ್‌ನ ಪ್ರತಿಮೆ ನಿಂತಿತ್ತು. 2020ರ ನವೆಂಬರಿನಲ್ಲಿ ಅದನ್ನು ಇಳಿಸಿದರು. ಮರುವರ್ಷ ನವೆಂಬರ್ 30ರಂದು ಬ್ರಿಟನ್ ರಾಣಿಯನ್ನು ರಾಷ್ಟ್ರದ ಮುಖ್ಯಸ್ಥೆಯ ಸ್ಥಾನದಿಂದ ಬಿಟ್ಟು ಬಾರ್ಬಡೋಸ್ ಗಣರಾಜ್ಯವಾಯಿತು. ಚೌಕದ ಹೆಸರು ಈಗ ರಾಷ್ಟ್ರವೀರರ ಚೌಕ.

ಅಲ್ಲಿಂದ ಎರಡು ಬೀದಿ ಆಚೆಗೆ ನಿಧೆ ಇಸ್ರೇಲ್ ಎಂಬ ಯಹೂದಿ ಪ್ರಾರ್ಥನಾ ಮಂದಿರವಿದೆ. ಇದನ್ನು ತಪ್ಪಿಸಿಕೊಳ್ಳಬೇಡಿ. ಬ್ರೆಜಿಲ್‌ನ ರೆಸಿಫೆಯಿಂದ ಓಡಿಬಂದ ಯಹೂದಿಗಳು 1654ರಲ್ಲಿ ಕಟ್ಟಿಕೊಂಡದ್ದು. 1831ರ ಚಂಡಮಾರುತಕ್ಕೆ ಕುಸಿದು ಮತ್ತೆ ಎದ್ದದ್ದು. 2008ರಲ್ಲಿ ಆವರಣವನ್ನು ಅಗೆದಾಗ ಹದಿನೇಳನೆಯ ಶತಮಾನದ ಸ್ನಾನದ ಕೊಳವೊಂದು ಸಿಕ್ಕಿತು. ಮೆಟ್ಟಿಲಿಳಿದು ನೋಡಿದರೆ ನೆಲದಡಿಯ ಒರತೆಯ ನೀರು ಇಂದಿಗೂ ಅಲ್ಲಿ ತುಂಬಿಕೊಂಡಿದೆ. ಹಾಗೆ ಬ್ರೆಜಿಲ್‌ನಿಂದ ಬಂದ ಯಹೂದಿಗಳಿಗೆ ಕಬ್ಬಿನಿಂದ ಸಕ್ಕರೆ ಮಾಡುವ ವಿದ್ಯೆ ಚೆನ್ನಾಗಿ ಗೊತ್ತಿತ್ತು. ಸಕ್ಕರೆ ಈ ದ್ವೀಪವನ್ನು ಶ್ರೀಮಂತಗೊಳಿಸಿತು. ಆ ಸಿರಿಗಾಗಿ ಆಫ್ರಿಕದಿಂದ ಲಕ್ಷಾಂತರ ಜನರನ್ನು ಹಿಡಿದು ತಂದು ಗದ್ದೆಗಳಲ್ಲಿ ದುಡಿಸಿದರು. ಗುಲಾಮರನ್ನು ಹೇಗೆ ದಂಡಿಸಬಹುದು ಎಂಬ ಕಾನೂನನ್ನು 1661ರಲ್ಲಿ ಇಲ್ಲಿ ಬರೆದರು. ಬೇರೆ ವಸಾಹತುಗಳು ಅದನ್ನೇ ಮಾದರಿಯಾಗಿಟ್ಟುಕೊಂಡವು. 1816ರಲ್ಲಿ ಬುಸ್ಸಾ ಎಂಬ ಗುಲಾಮನ ಮುಂದಾಳತ್ವದಲ್ಲಿ ದಂಗೆ ಎದ್ದಿತು. ನೀಲಿ ನೀರು, ಬಿಳಿ ಮರಳು ಎಂದಷ್ಟೇ ಹಾಡಿ ಹೊಗಳುವ ಕರಪತ್ರಗಳಲ್ಲಿ ಇದ್ಯಾವುದೂ ಇರುವುದಿಲ್ಲ. ಬೆವರು, ರಕ್ತ ಬಿದ್ದ ನೆಲದ ಮೇಲೆ ನಡೆಯುತ್ತಿದ್ದೇವೆ ಎಂಬ ಅರಿವು ಪ್ರವಾಸಿಗೆ ಇರಲೇಬೇಕು ಎಂದು ನಾನು ನಂಬುತ್ತೇನೆ.

ಇನ್ನು ಬಸ್ಸಿನ ವಿಷಯ. ಬಾರ್ಬಡೋಸ್‌ನಲ್ಲಿ ಮೂರು ಬಗೆಯ ಸಾರಿಗೆ ಇದೆ. ನೀಲಿ ಬಣ್ಣಕ್ಕೆ ಹಳದಿ ಪಟ್ಟಿ ಇದ್ದರೆ ಸರ್ಕಾರಿ ಬಸ್ಸು. ಹಳದಿಗೆ ನೀಲಿ ಪಟ್ಟಿ ಇದ್ದರೆ ಖಾಸಗಿ ಮಿನಿಬಸ್ಸು. ಬಿಳಿ ಬಣ್ಣಕ್ಕೆ ಕೆಂಗಂದು ಪಟ್ಟಿ ಇರುವ ವ್ಯಾನಿಗೆ ಜನ 'ಝಡ್‌ಆರ್' ಎನ್ನುತ್ತಾರೆ. ಅದರ ನಂಬರ್ ಪ್ಲೇಟು ಆ ಎರಡು ಅಕ್ಷರಗಳಿಂದ ಶುರುವಾಗುತ್ತದೆ. ಯಾವುದನ್ನು ಹತ್ತಿದರೂ, ಎಷ್ಟು ದೂರ ಹೋದರೂ ದರ ಒಂದೇ: ಅಲ್ಲಿನ ಮೂರೂವರೆ ಡಾಲರ್. ಸರ್ಕಾರಿ ಬಸ್ಸಿನಲ್ಲಿ ಚಿಲ್ಲರೆ ವಾಪಸು ಕೊಡುವುದಿಲ್ಲ, ಸ್ಥಳೀಯ ಹಣವೇ ಬೇಕು. ಆದ್ದರಿಂದ ಊರಿಗೆ ಬಂದ ಕೂಡಲೇ ಏನಾದರೂ ಕೊಂಡು ನೋಟು ಮುರಿಸಿಕೊಳ್ಳುವುದು ಜಾಣತನ. ಖಾಸಗಿಯವರು ಚಿಲ್ಲರೆ ಕೊಡುತ್ತಾರೆ. ರಸ್ತೆಬದಿಯ ನಿಲ್ದಾಣಗಳ ದುಂಡು ಫಲಕದ ಮೇಲೆ ಎರಡೇ ಬಗೆಯ ಬರಹ: ಪಟ್ಟಣದ ಕಡೆಗೆ, ಅಥವಾ ಪಟ್ಟಣದಿಂದ ಹೊರಗೆ. ದಾರಿ ತಪ್ಪಿದವರು 'ಪಟ್ಟಣದ ಕಡೆಗೆ' ಎಂದಿರುವ ಫಲಕದ ಕೆಳಗೆ ನಿಂತರೆ ಸಾಕು, ಬ್ರಿಡ್ಜ್‌ಟೌನ್ ಬಂದೇ ಬರುತ್ತದೆ.

ಝಡ್‌ಆರ್ ವ್ಯಾನಿನಲ್ಲಿ ಕೂರುವುದೇ ಒಂದು ಅನುಭವ. ಮೂವರ ಸೀಟಿನಲ್ಲಿ ನಾಲ್ವರು, ಎದೆ ಅದುರುವಂತೆ ಹಾಡು, ತಿರುವುಗಳಲ್ಲೂ ತಗ್ಗದ ವೇಗ. ಆದರೆ ಆ ಇಕ್ಕಟ್ಟಿನಲ್ಲೂ ಒಂದು ಮರ್ಯಾದೆ ಇದೆ. ಹತ್ತಿದವರು ಮೊದಲು ಎಲ್ಲರಿಗೂ ಸೇರಿ 'ಗುಡ್ ಮಾರ್ನಿಂಗ್' ಎನ್ನುತ್ತಾರೆ, ಒಳಗಿದ್ದವರು ಮರಳಿ ಹೇಳುತ್ತಾರೆ. ಹಿಂದಿನ ಸೀಟಿನವರ ಹಣ ಕೈಯಿಂದ ಕೈಗೆ ದಾಟಿ ಕಂಡಕ್ಟರಿಗೆ ತಲುಪುತ್ತದೆ, ಚಿಲ್ಲರೆ ಅದೇ ದಾರಿಯಲ್ಲಿ ಹಿಂದಿರುಗುತ್ತದೆ. ಶಾಲೆಯ ಸಮವಸ್ತ್ರ ತೊಟ್ಟ ಹುಡುಗಿಯೊಬ್ಬಳು ನನ್ನ ನಾಣ್ಯಗಳನ್ನು ಎಣಿಸಿ, ಒಂದು ಹೆಚ್ಚಾಗಿದೆಯೆಂದು ನನಗೇ ಮರಳಿಸಿ, ಉಳಿದದ್ದನ್ನು ಮುಂದಕ್ಕೆ ದಾಟಿಸಿದಳು. ಅಂಗಡಿಯಲ್ಲೂ ಅಷ್ಟೇ, ಶುಭಾಶಯ ಹೇಳದೆ ನೇರವಾಗಿ ಬೆಲೆ ಕೇಳಿದರೆ ಒರಟುತನ ಎಂದು ಭಾವಿಸುತ್ತಾರೆ.

ಎಲ್ಲಿಗೆ ಹೋಗಬೇಕು? ಒಂದು ಹಗಲಿಗೆ ಒಂದು ದಿಕ್ಕು, ಅದಕ್ಕಿಂತ ಹೆಚ್ಚು ಬೇಡ. ಈಜುವ ಆಸೆಯಿದ್ದರೆ ಬಸ್ಸೂ ಬೇಕಿಲ್ಲ, ಊರ ಅಂಚಿನ ಕಾರ್ಲೈಲ್ ಕೊಲ್ಲಿಗೆ ನಡೆದೇ ಹೋಗಬಹುದು. ಬಾರ್ಬಡೋಸ್‌ನ ಕಡಲತೀರಗಳೆಲ್ಲ ಸಾರ್ವಜನಿಕ. ಎಷ್ಟೇ ದೊಡ್ಡ ಹೋಟೆಲಿನ ಮುಂದೆಯೂ ನೀವು ಮರಳಿನ ಮೇಲೆ ಕೂರಬಹುದು.

ನನ್ನನ್ನು ಕೇಳಿದರೆ ಪೂರ್ವಕ್ಕೆ, ಬಾತ್‌ಶೀಬಾ ಕಡೆಗೆ ಹೋಗಿ ಎನ್ನುತ್ತೇನೆ. ಬ್ರಿಡ್ಜ್‌ಟೌನ್‌ನಿಂದ ಸರ್ಕಾರಿ ಬಸ್ಸು ಹೊರಡುತ್ತದೆ, ಪ್ರಯಾಣ ಸುಮಾರು ಒಂದು ಗಂಟೆ. ಕಬ್ಬಿನ ಗದ್ದೆ, ಸುಣ್ಣಕಲ್ಲಿನ ದಿಬ್ಬ, ಮರದ ಪುಟ್ಟ ಮನೆಗಳನ್ನು ದಾಟಿ ಬಸ್ಸು ಇಳಿಜಾರಿಗೆ ತಿರುಗಿದಾಗ ಅಟ್ಲಾಂಟಿಕ್ ಒಮ್ಮೆಲೇ ಎದುರಾಗುತ್ತದೆ. ಪಶ್ಚಿಮದ ಶಾಂತ ನೀರು ಇಲ್ಲಿಲ್ಲ. ಆಫ್ರಿಕದ ತೀರದಿಂದ ತಡೆಯಿಲ್ಲದೆ ಬಂದ ಅಲೆಗಳು ದಡಕ್ಕೆ ಅಪ್ಪಳಿಸುತ್ತವೆ. ನೀರಿನಲ್ಲಿ ನಿಂತಿರುವ ದೈತ್ಯ ಬಂಡೆಗಳ ಬುಡವನ್ನು ಅಲೆಗಳು ಕೊರೆದು ಕೊರೆದು ಮೇಲೆ ಹರವು, ಕೆಳಗೆ ಸಣಕಲು ಮಾಡಿಬಿಟ್ಟಿವೆ. ಅಲೆ ಸವಾರರಿಗೆ ಇದು ಹೆಸರಾಂತ ಜಾಗ. ನಾವು ಮಾತ್ರ ಇಲ್ಲಿ ಈಜಲು ಇಳಿಯಬಾರದು, ಸೆಳೆತ ಬಲವಾಗಿದೆ.

ಊಟದ ಮಾತು. ಇಲ್ಲಿನ ರಾಷ್ಟ್ರೀಯ ಖಾದ್ಯ ಕೂಕೂ ಮತ್ತು ಹಾರುವ ಮೀನು. ಊರ ಸಣ್ಣ ಊಟದಂಗಡಿಯೊಂದರಲ್ಲಿ ಕೂಕೂ ಮಾಡುವುದನ್ನು ನಾನು ನಿಂತು ನೋಡಿದೆ. ಬೆಂಡೆಕಾಯಿ ಬೇಯಿಸಿದ ಲೋಳೆ ನೀರಿಗೆ ಮೆಕ್ಕೆಜೋಳದ ಹಿಟ್ಟನ್ನು ಸ್ವಲ್ಪ ಸ್ವಲ್ಪವಾಗಿ ಸುರಿಯುತ್ತ, ಚಪ್ಪಟೆ ಮರದ ಕೋಲಿನಿಂದ ಆ ತಾಯಿ ಭುಜ ಬಲಕೊಟ್ಟು ತಿರುವುತ್ತಿದ್ದರು. ಮಂಡ್ಯದ ಮನೆಗಳಲ್ಲಿ ಮುದ್ದೆ ತೊಳಸುವಂತೆ, ಗಂಟು ಬಾರದಿರಲು ಅದೇ ಆತುರ, ಅದೇ ಗಮನ. ಸಸ್ಯಾಹಾರಿಗಳು ಮೀನಿನ ಗೊಜ್ಜು ಬೇಡವೆಂದು ಮೊದಲೇ ಹೇಳಬೇಕು. ಅವರಿಗೆ ಬೇಯಿಸಿದ ಜೀಗುಜ್ಜೆ, ಹುರಿದ ಬಾಳೆ, ಚೀಸು ಹಾಕಿ ಬೇಯಿಸಿದ ಮ್ಯಾಕರೋನಿ ಸಿಗುತ್ತವೆ. ಚೀಪ್‌ಸೈಡ್ ಮಾರುಕಟ್ಟೆಯಲ್ಲಿ ಜೀಗುಜ್ಜೆಯ ರಾಶಿ ನೋಡಿ ದಕ್ಷಿಣ ಕನ್ನಡದವರಿಗೆ ಮನೆಯಂಗಳ ನೆನಪಾಗುವುದು ಖಂಡಿತ.

ಕೆಲವು ಎಚ್ಚರಿಕೆಗಳು. ಸೈನಿಕರ ಉಡುಪಿನ ಹಸಿರು ಚಿತ್ತಾರದ ಬಟ್ಟೆ, ಚೀಲ, ಟೋಪಿ ಯಾವುದನ್ನೂ ಧರಿಸಬೇಡಿ; ಮಕ್ಕಳಿಗೂ ತೊಡಿಸಬೇಡಿ. ಅಲ್ಲಿ ಅದು ಕಾನೂನಿಗೆ ವಿರುದ್ಧ. ಕಡಲತೀರದಲ್ಲಿ ಮಾಂಚಿನೀಲ್ ಎಂಬ ಮರವಿದೆ. ಹಣ್ಣು ಚಿಕ್ಕ ಹಸಿರು ಸೇಬಿನಂತೆ ಕಾಣುತ್ತದೆ, ಆದರೆ ವಿಷ. ಹಾಲು ತಾಕಿದರೆ ಚರ್ಮ ಬೊಬ್ಬೆ ಏಳುತ್ತದೆ. ಮಳೆ ಬಂದಾಗ ಅದರ ಅಡಿ ನಿಲ್ಲಲೇಬಾರದು. ಎಷ್ಟೋ ಕಡೆ ಕಾಂಡಕ್ಕೆ ಕೆಂಪು ಪಟ್ಟಿ ಬಳಿದು ಗುರುತು ಮಾಡಿರುತ್ತಾರೆ.

ಸಮಯದ ವಿಚಾರದಲ್ಲಿ ಮಾತ್ರ ರಾಜಿ ಬೇಡ. ಹಡಗಿನ ಗಡಿಯಾರ ಮತ್ತು ದ್ವೀಪದ ಗಡಿಯಾರದ ನಡುವೆ ಒಂದು ಗಂಟೆಯ ವ್ಯತ್ಯಾಸ ಇರಬಹುದು, ಇಳಿಯುವಾಗಲೇ ಕೇಳಿಕೊಳ್ಳಿ. ಹಡಗಿನವರೇ ಏರ್ಪಡಿಸಿದ ಪ್ರವಾಸ ತಡವಾದರೆ ಹಡಗು ಸಾಮಾನ್ಯವಾಗಿ ಕಾಯುತ್ತದೆ, ಸ್ವಂತವಾಗಿ ಹೋದವರಿಗೆ ಕಾಯುವುದಿಲ್ಲ. ಮುಂದಿನ ದ್ವೀಪಕ್ಕೆ ನಿಮ್ಮ ಖರ್ಚಿನಲ್ಲೇ ವಿಮಾನ ಹಿಡಿಯಬೇಕಾಗುತ್ತದೆ. ಬಾತ್‌ಶೀಬಾಗೆ ಬಸ್ಸುಗಳು ಪದೇಪದೇ ಇಲ್ಲ. ಆದ್ದರಿಂದ ಹೋದ ತಕ್ಷಣ ಹಿಂದಿರುಗುವ ಬಸ್ಸಿನ ವೇಳೆಯನ್ನು ಚಾಲಕನಲ್ಲೇ ವಿಚಾರಿಸಿ, ಮಧ್ಯಾಹ್ನ ಎರಡರೊಳಗೆ ಅಲ್ಲಿಂದ ಹೊರಡಿ. ಆ ಬಸ್ಸು ಕೈಕೊಟ್ಟರೂ ಟ್ಯಾಕ್ಸಿ ಹಿಡಿಯಲು ಹೊತ್ತು ಉಳಿದಿರುತ್ತದೆ. ಟ್ಯಾಕ್ಸಿಗೆ ಮೀಟರ್ ಇಲ್ಲ, ಹತ್ತುವ ಮೊದಲೇ ದರ ಗೊತ್ತುಮಾಡಿಕೊಳ್ಳಬೇಕು. ಹಡಗಿನ ಕಾರ್ಡು ಮತ್ತು ಫೋಟೊ ಇರುವ ಗುರುತಿನ ಚೀಟಿ ಜೊತೆಗಿರಲಿ, ಬಂದರಿನ ಗೇಟಿನಲ್ಲಿ ಕೇಳುತ್ತಾರೆ.

ಜೇಬಿನಲ್ಲಿ ಉಳಿದ ಬಾರ್ಬಡೋಸ್ ನಾಣ್ಯಗಳು ಮುಂದಿನ ದ್ವೀಪದಲ್ಲಿ ನಡೆಯುವುದಿಲ್ಲ. ಊರಿನಿಂದ ಬಂದರಿಗೆ ಮರಳುವ ದಾರಿಯಲ್ಲೇ ಪೆಲಿಕನ್ ವಿಲೇಜ್ ಎಂಬ ಕರಕುಶಲ ಅಂಗಡಿಗಳ ಸಾಲು ಇದೆ. ಹಡಗಿನ ಪಕ್ಕದ ಮಳಿಗೆಗಳಲ್ಲಿ ಸಿಗುವ ಎಷ್ಟೋ ಸಾಮಾನು ಬೇರೆ ದೇಶಗಳಿಂದ ಬಂದದ್ದು. ಇಲ್ಲಿ ಮಡಕೆ, ಮರದ ಕೆತ್ತನೆ, ಚರ್ಮದ ಸಾಮಾನು ಮಾಡುವವರೇ ಎದುರಿಗೆ ಕೂತಿರುತ್ತಾರೆ. ಕೊನೆಯ ಅರ್ಧ ಗಂಟೆಯನ್ನೂ ಕೊನೆಯ ಡಾಲರುಗಳನ್ನೂ ಅವರಿಗಾಗಿ ಉಳಿಸಿಕೊಳ್ಳಿ.