ಹಾವುಮೀನು ಎಲ್ಲಿ ಹುಟ್ಟುತ್ತದೆ?

ಆತ್ಮೀಯರೇ,

ನಮ್ಮ ಪಶ್ಚಿಮ ಘಟ್ಟದ ಹೊಳೆಗಳಲ್ಲೂ ಹಾವುಮೀನಿದೆ. ಹಗಲೆಲ್ಲ ಕಲ್ಲಿನ ಸಂದಿಯಲ್ಲಿ ಅಡಗಿದ್ದು ಕತ್ತಲಾದ ಮೇಲೆ ಬೇಟೆಗೆ ಹೊರಡುವ ಈ ಮೀನು ಕೈಗೆ ಸಿಕ್ಕರೂ ನುಣುಚಿಕೊಳ್ಳುತ್ತದೆ. ಇಂದು ನಾನು ಹೇಳಹೊರಟಿರುವುದು ಅದರ ಯುರೋಪಿನ ಸಂಬಂಧಿಯ ಕಥೆಯನ್ನು. ಅಲ್ಲಿನ ಜನ ಅದನ್ನು ಶತಮಾನಗಳಿಂದ ಹಿಡಿದಿದ್ದಾರೆ, ಹೊಗೆಯಲ್ಲಿ ಹದಮಾಡಿ ತಿಂದಿದ್ದಾರೆ. ಆದರೆ ಕೊಯ್ದ ಹೊಟ್ಟೆಯೊಳಗೆ ಬಲಿತ ಮೊಟ್ಟೆಗಳನ್ನು ಮಾತ್ರ ಯಾರೂ ಕಾಣಲಿಲ್ಲ.

ಹಾವುಮೀನು ಕೆಸರಿನಿಂದ ತಾನಾಗಿಯೇ ಹುಟ್ಟುತ್ತದೆ ಎಂದು ಅರಿಸ್ಟಾಟಲ್ ಬರೆದ. ಇದನ್ನು ಕೇಳಿ ನಗಬಾರದು. ನೀರು ಬಸಿದು ಕೆಸರನ್ನೂ ತೆಗೆದ ಕೆರೆಗಳಲ್ಲಿ ಮಳೆಯಾದೊಡನೆ ಹಾವುಮೀನು ಮತ್ತೆ ಕಾಣಿಸಿಕೊಳ್ಳುತ್ತಿದ್ದುದನ್ನು ಗಮನಿಸಿಯೇ ಅವನು ಆ ಮಾತು ಹೇಳಿದ್ದ.

1777ರಲ್ಲಿ ಇಟಲಿಯ ಕಾರ್ಲೋ ಮೊಂದೀನಿ ಹೆಣ್ಣುಮೀನಿನ ಅಂಡಾಶಯವನ್ನು ವಿವರಿಸಿದ. ಗಂಡಿನ ವೃಷಣ ಮಾತ್ರ ಸಿಗಲಿಲ್ಲ. ಅದನ್ನು ಹುಡುಕಲು 1876ರಲ್ಲಿ ಟ್ರಿಯೆಸ್ಟ್ ಬಂದರಿಗೆ ಬಂದ ವಿಯೆನ್ನಾದ ವಿದ್ಯಾರ್ಥಿಗೆ ಆಗಿನ್ನೂ 19 ವರ್ಷ. ಹೆಸರು ಸಿಗ್ಮಂಡ್ ಫ್ರಾಯ್ಡ್, ಮುಂದೆ ಮನೋವಿಶ್ಲೇಷಣೆಯ ಜನಕನೆಂದು ಹೆಸರಾದವನು. ಮೀನುಗಾರರು ತಂದುಕೊಟ್ಟ ಸುಮಾರು 400 ಹಾವುಮೀನುಗಳನ್ನು ಆತ ಕೊಯ್ದು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದ. ವೃಷಣವಿರಬಹುದು ಎಂದು ಸಿರ್‌ಸ್ಕಿ ಎಂಬ ವಿಜ್ಞಾನಿ ಮೊದಲೇ ಊಹಿಸಿದ್ದ ಅಂಗವೊಂದು ಕಂಡಿತಾದರೂ, ಅದು ವೃಷಣವೇ ಎಂದು ಖಚಿತವಾಗಿ ಹೇಳಲು ಅವನಿಗೆ ಸಾಧ್ಯವಾಗಲಿಲ್ಲ. ಅದು ಅವನ ತಪ್ಪಲ್ಲ ಎಂದೇ ನನ್ನ ನಂಬಿಕೆ. ಹಾವುಮೀನು ಹೊಳೆಯಲ್ಲಿ ಹತ್ತಾರು ವರ್ಷ ಬದುಕುತ್ತದೆ. ಕೊನೆಗೊಂದು ಶರತ್ಕಾಲದಲ್ಲಿ ಹಳದಿ ಮೈ ಬೆಳ್ಳಿಯ ಬಣ್ಣಕ್ಕೆ ತಿರುಗಿ, ಕಣ್ಣು ದೊಡ್ಡದಾಗಿ, ಊಟ ಬಿಟ್ಟು, ಕರುಳು ಕುಗ್ಗಿದ ಸ್ಥಿತಿಯಲ್ಲಿ ಕಡಲಿಗಿಳಿಯುತ್ತದೆ. ಸಂತಾನದ ಅಂಗಗಳು ಪೂರ್ತಿ ಬಲಿಯುವುದು ಆ ಪ್ರಯಾಣದಲ್ಲಿಯೇ. ಹೊಳೆಯಲ್ಲಿಯೂ ದಡದಲ್ಲಿಯೂ ಹಿಡಿದ ಮೀನಿನೊಳಗೆ ಜನ ಹುಡುಕುತ್ತಿದ್ದುದು ಇನ್ನೂ ಬಲಿಯದ ವಸ್ತುವನ್ನು.

ಉತ್ತರ ಸಿಕ್ಕಿದ್ದು ಮರಿಗಳ ಜಾಡು ಹಿಡಿದಾಗ. ಹಾವುಮೀನಿನ ಲಾರ್ವಾ ಎಲೆಯಂತೆ ಚಪ್ಪಟೆಯಾಗಿದ್ದು, ತಾಯಿತಂದೆಯರನ್ನು ಯಾವ ರೀತಿಯಲ್ಲೂ ಹೋಲುವುದಿಲ್ಲವಾದ್ದರಿಂದ, ಬಹುಕಾಲ ಅದನ್ನು ಬೇರೆಯೇ ಮೀನೆಂದು ತಿಳಿದಿದ್ದರು. 1896ರಲ್ಲಿ ಇಟಲಿಯ ವಿಜ್ಞಾನಿಗಳಾದ ಗ್ರಾಸ್ಸಿ ಮತ್ತು ಕಾಲಾಂದ್ರುಚ್ಚೊ ಆ ನಂಟನ್ನು ಬಯಲಿಗೆ ತಂದರು. 1904ರಲ್ಲಿ ಡೆನ್ಮಾರ್ಕಿನ ಯೊಹಾನೆಸ್ ಸ್ಮಿತ್‌ಗೆ ಫೆರೋ ದ್ವೀಪಗಳ ಪಶ್ಚಿಮದ ಕಡಲಿನಲ್ಲಿ 77 ಮಿಲಿಮೀಟರಿನ ಅಂಥ ಒಂದು ಲಾರ್ವಾ ಸಿಕ್ಕಿತು. ಮರಿ ಚಿಕ್ಕದಾದಷ್ಟೂ ಹುಟ್ಟಿದ ಜಾಗ ಹತ್ತಿರವಿರಬೇಕೆಂಬ ಸರಳ ತರ್ಕದಿಂದ ಅವನು ಅಟ್ಲಾಂಟಿಕ್ ಸಾಗರದಲ್ಲಿ ಸುಮಾರು ಎರಡು ದಶಕ ಬಲೆ ಎಳೆದ, ಸರಕುಹಡಗುಗಳ ನೆರವನ್ನೂ ಪಡೆದ; ನೈಋತ್ಯಕ್ಕೆ ಸಾಗಿದಂತೆ ಮರಿಗಳು ಕಿರಿದಾಗುತ್ತಾ ಬಂದು, ಒಂದು ಸೆಂಟಿಮೀಟರಿಗಿಂತ ಚಿಕ್ಕವು ಅಟ್ಲಾಂಟಿಕ್‌ನ ಪಶ್ಚಿಮ ಭಾಗದ ಸಾರ್ಗಾಸೊ ಸಮುದ್ರದಲ್ಲಿ ಸಿಕ್ಕವು. ಇಡೀ ಮಹಾಸಾಗರವನ್ನು ಮರಿಯ ಉದ್ದದಿಂದ ಅಳೆದ ಈ ತಾಳ್ಮೆ ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ.

ಜಪಾನಿನ ಹಾವುಮೀನಿನ ಮೊಟ್ಟೆಗಳು 2009ರಲ್ಲಿ ಮರಿಯಾನಾ ದ್ವೀಪಗಳ ಪಶ್ಚಿಮದಲ್ಲಿ ಸಿಕ್ಕಿವೆ. ಯುರೋಪಿನದರ ಮೊಟ್ಟೆಯನ್ನು ಸಾರ್ಗಾಸೊದಲ್ಲಿ ಇನ್ನೂ ಯಾರೂ ಕಂಡಿಲ್ಲ. ಅಟ್ಲಾಂಟಿಕ್ ನಡುವಿನ ಅಜೋರ್ಸ್ ದ್ವೀಪಗಳಲ್ಲಿ ಉಪಗ್ರಹಕ್ಕೆ ಸಂದೇಶ ಕಳಿಸುವ ಪುಟ್ಟ ಸಾಧನ ಕಟ್ಟಿ ಬಿಟ್ಟ ದೊಡ್ಡ ಹಾವುಮೀನುಗಳಲ್ಲಿ ಕೆಲವು ಸಾರ್ಗಾಸೊವನ್ನು ತಲುಪಿದ್ದು 2022ರಲ್ಲಿ ಪ್ರಕಟವಾಯಿತು. ಬೆಳೆದ ಮೀನು ಅಲ್ಲಿಗೆ ಹೋಗುತ್ತದೆ ಎಂಬುದಕ್ಕೆ ಸಿಕ್ಕ ಮೊದಲ ನೇರ ಪುರಾವೆ ಅದು.

ಆದರೆ ಇಷ್ಟು ತಿಳಿಯುವ ಹೊತ್ತಿಗೆ ಮೀನೇ ವಿರಳವಾಗಿದೆ. ದಡಕ್ಕೆ ಬಂದು ಸೇರುವ ಮರಿಗಳ ಸಂಖ್ಯೆ 1980ರ ದಶಕದಿಂದೀಚೆಗೆ ಶೇಕಡಾ 90ಕ್ಕೂ ಹೆಚ್ಚು ಕುಸಿದಿದೆ. ಅತಿಯಾದ ಮೀನುಗಾರಿಕೆ, ಕಳ್ಳಸಾಗಣೆ, ಪೂರ್ವ ಏಷ್ಯಾದಿಂದ ಬಂದ ಪರಾವಲಂಬಿ ಹುಳು, ನದಿಗಳಿಗೆ ಅಡ್ಡ ಕಟ್ಟಿದ ಅಣೆಕಟ್ಟು ಇದಕ್ಕೆ ಕಾರಣಗಳಲ್ಲಿ ಕೆಲವು. ಕೆಲವು ಅಣೆಗಳ ಪಕ್ಕದಲ್ಲಿ ಈಗ ಬ್ರಷ್ಷಿನ ಎಳೆಗಳನ್ನು ದಟ್ಟವಾಗಿ ನೆಟ್ಟ ಇಳಿಜಾರುಗಳನ್ನು ಹಾಕಿ, ಮೇಲಿನಿಂದ ನೀರು ಜಿನುಗಿಸುತ್ತಾರೆ. ಕಡಲಿನಿಂದ ಬಂದ ಬೆರಳುದ್ದದ ಮರಿಗಳು ರಾತ್ರಿಯ ಹೊತ್ತು ಆ ಎಳೆಗಳ ನಡುವೆ ಮೈ ತಿರುಚುತ್ತಾ, ಹೊಳೆಯ ಕಡೆಗೆ ಮೇಲೇರುತ್ತವೆ.