ಹೆಂಚಿಗೆ ಅಂಟಿದ ಆಂಟೆನಾ

ಇದು ಪೆನ್‌ಡ್ರೈವ್ ಅಲ್ಲ. ಯುಎಸ್‌ಬಿ ಟಿವಿ ಟ್ಯೂನರ್, ಅಂದರೆ ಗಾಳಿಯಲ್ಲಿ ಬರುವ ಟಿವಿ ಸಿಗ್ನಲ್ ಹಿಡಿದು ಲ್ಯಾಪ್‌ಟಾಪಿನಲ್ಲಿ ತೋರಿಸುವ ಸಾಧನ. ಮೊನ್ನೆ ಮನೆ ಬದಲಾಯಿಸುವಾಗ ಹಳೇ ಚಾರ್ಜರ್‌ಗಳ ಚೀಲದಲ್ಲಿ ಸಿಕ್ಕಿತು. ಜೊತೆಗೇ ಈ ಪುಟ್ಟ ಆಂಟೆನಾ. ಒಂದು ಗೇಣೂ ಇಲ್ಲ. ಬುಡದಲ್ಲಿ ಅಯಸ್ಕಾಂತ ಇದೆ, ನೋಡಿ, ಟಪ್ ಅಂತ ಅಂಟಿಕೊಂಡಿತು.

ಇದನ್ನು ಕೊಂಡದ್ದು 2021ರ ಫೆಬ್ರವರಿಯಲ್ಲಿ. ಲಂಡನ್ನಿನಲ್ಲಿ ಮೂರನೇ ಲಾಕ್‌ಡೌನ್. ನಾಲ್ಕು ಜನ ಹಂಚಿಕೊಂಡಿದ್ದ ಮನೆ, ನನ್ನದು ಅಟ್ಟದ ರೂಮು. ಇಂಗ್ಲೆಂಡ್ ತಂಡ ಟೆಸ್ಟ್ ಆಡಲು ಭಾರತಕ್ಕೆ ಹೋಗಿತ್ತು. ಬ್ರಿಟನ್ನಿನಲ್ಲಿ ಟೆಸ್ಟ್ ನೋಡಬೇಕೆಂದರೆ ಸಾಮಾನ್ಯವಾಗಿ ತಿಂಗಳು ತಿಂಗಳು ದುಡ್ಡು ಕಟ್ಟುವ ಚಾನೆಲ್ಲೇ ಗತಿ. ಆ ಸಲ ಮಾತ್ರ ಚಾನೆಲ್ 4 ಹಕ್ಕು ಕೊಂಡಿತ್ತು. 2005ರ ನಂತರ ಇಲ್ಲಿ ಪುಕ್ಕಟೆ ಟಿವಿಯಲ್ಲಿ ಟೆಸ್ಟ್ ಲೈವ್ ಬಂದದ್ದು ಅದೇ ಮೊದಲು. ಪೂರ್ತಿ ಪುಕ್ಕಟೆ ಅಂತೇನೂ ಅಲ್ಲ ಅನ್ನಿ. ಲ್ಯಾಪ್‌ಟಾಪಿನಲ್ಲಿ ಲೈವ್ ನೋಡಿದರೂ ಟಿವಿ ಲೈಸೆನ್ಸ್ ಬೇಕು. ಆಗ ವರ್ಷಕ್ಕೆ 157.50 ಪೌಂಡ್. ‘ನಾವೂ ಹಿಂದೆ ರೇಡಿಯೊಗೆ ಪೋಸ್ಟ್ ಆಫೀಸಿನಲ್ಲಿ ಲೈಸೆನ್ಸ್ ಮಾಡಿಸ್ತಿದ್ವಿ’ ಅಂತ ಅಪ್ಪ ನಕ್ಕಿದ್ದರು.

ಇಂಟರ್‌ನೆಟ್ಟಿನಲ್ಲೇ ನೋಡಬಹುದಿತ್ತಲ್ಲ? ಮೊದಲ ದಿನ ಹಾಗೇ ನೋಡಿದೆ. ಚೆನ್ನೈನಲ್ಲಿ ಬೆಳಿಗ್ಗೆ ಒಂಬತ್ತೂವರೆ ಅಂದರೆ ಇಲ್ಲಿ ನಸುಕಿನ ನಾಲ್ಕು ಗಂಟೆ. ಕಂಬಳಿ ಹೊದ್ದು ಕೂತಿದ್ದೆ. ಸಾಗರದಿಂದ ಅಪ್ಪ ಫೋನಿನಲ್ಲಿ. ಅವರ ಟಿವಿಯಲ್ಲಿ ವಿಕೆಟ್ ಬೀಳುತ್ತಿತ್ತು, ‘ಹೋದ!’ ಅನ್ನುತ್ತಿದ್ದರು. ನನ್ನ ಪರದೆಯಲ್ಲಿ ಬೌಲರ್ ಇನ್ನೂ ಹಿಂದಿನ ಬಾಲ್ ಮುಗಿಸಿ ವಾಪಸ್ ನಡೆಯುತ್ತಿದ್ದ. ಸ್ಟ್ರೀಮಿಂಗಿನಲ್ಲಿ ವಿಡಿಯೊ ಚೂರು ಚೂರಾಗಿ ಬರುತ್ತದೆ. ಒಂದಷ್ಟು ಚೂರು ಕೂಡಿಟ್ಟುಕೊಂಡೇ ತೋರಿಸಲು ಶುರು ಮಾಡುವುದು, ಅದಕ್ಕೇ ತಡ. ಅಪ್ಪನಿಗೆ ಸುಮ್ಮನಿರಲು ಹೇಳೋಣವೆಂದರೆ, ಅವರು ಮಾತಾಡಲಿ ಅಂತಲೇ ಅಲ್ವಾ ಫೋನ್ ಮಾಡಿದ್ದು!

ಹಾಗಾಗಿ ಈ ಟ್ಯೂನರ್. ನಮ್ಮ ಮನೆಗೆ ಟಿವಿ ಸಿಗ್ನಲ್ ಬಿಡುವ ಕ್ರಿಸ್ಟಲ್ ಪ್ಯಾಲೇಸ್ ಟವರ್ ಹತ್ತಿರ. 219 ಮೀಟರ್ ಎತ್ತರ, ರಾತ್ರಿ ಅದರ ಕೆಂಪು ದೀಪಗಳು ಕಿಟಕಿಯಲ್ಲೇ ಕಾಣುತ್ತಿದ್ದವು. ಅಲ್ಲಿದ್ದ ಗಾಜಿನ ಅರಮನೆ 1936ರಲ್ಲಿ ಸುಟ್ಟುಹೋಯಿತು. ಟಿವಿ ಕಂಡುಹಿಡಿದವರಲ್ಲಿ ಒಬ್ಬನಾದ ಜಾನ್ ಲೋಗಿ ಬೇರ್ಡ್‌ನ ಕಂಪನಿಗೂ ಅಲ್ಲೇ ಸ್ಟುಡಿಯೊ ಇತ್ತು. ಇಷ್ಟು ಹತ್ತಿರ ಇದ್ದರೆ ಚಿತ್ರ ತಾನಾಗಿ ಬರುತ್ತದೆ ಅಂದುಕೊಂಡೆ. ವಿಡಿಯೊ ನೋಡುವ ವಿಎಲ್‌ಸಿ ಸಾಫ್ಟ್‌ವೇರ್ ತೆರೆದೆ. ಚಾನೆಲ್ 4 ಬರುವ ಫ್ರೀಕ್ವೆನ್ಸಿ, 514 ಮೆಗಾಹರ್ಟ್ಸ್, ಕೊಟ್ಟೆ. ಬಂದದ್ದು ಹಸಿರು ಚೌಕಗಳು, ಅರ್ಧ ಮುಖ, ತುಂಡಾದ ದನಿ. ಹಳೇ ಟಿವಿಯಲ್ಲಿ ಸಿಗ್ನಲ್ ಕಮ್ಮಿಯಾದರೆ ಅಕ್ಕಿ ಕಾಳು ಉದುರಿದಂತೆ ಚುಕ್ಕೆ ಬರುತ್ತಿತ್ತು, ಆದರೂ ಆಟ ಕಾಣುತ್ತಿತ್ತು. ಡಿಜಿಟಲ್‌ಗೆ ಆ ದಾಕ್ಷಿಣ್ಯ ಇಲ್ಲ. ಕೆಳಗೆ ಯಾರೋ ಕೆಟಲ್ ಸ್ವಿಚ್ ಹಾಕಿದರೂ ಚಿತ್ರ ಒಡೆಯುತ್ತಿತ್ತು.

ಆಂಟೆನಾಕ್ಕೆ ಬುಡದಲ್ಲಿ ಲೋಹದ ತಗಡು ಇದ್ದರೆ ಒಳ್ಳೆಯದು ಅಂತ ಎಲ್ಲೋ ಓದಿದ್ದೆ. ಸ್ಟೀಲ್ ತಟ್ಟೆಗೆ ಅಯಸ್ಕಾಂತ ಅಂಟಲಿಲ್ಲ. ದೋಸೆ ಹೆಂಚಿಗೆ ಅಂಟಿತು. ಹೆಂಚನ್ನು ಕಿಟಕಿ ಕಟ್ಟೆ ಮೇಲಿಟ್ಟು ಅದರ ಮೇಲೆ ಆಂಟೆನಾ ನಿಲ್ಲಿಸಿದೆ. ಸ್ವಲ್ಪ ಸುಧಾರಿಸಿತು, ಅಷ್ಟೇ. ಅಪ್ಪನಿಗೆ ಹೇಳಿದೆ.

‘ಕಡ್ಡಿ ನೆಟ್ಟಗೆ ನಿಂತಿದ್ಯಾ?’

‘ಹೌದು.’

‘ನಮ್ಮ ಮಹಡಿ ಮೇಲಿನ ಆಂಟೆನಾ ನೆನಪಿಲ್ವೇನೋ? ಕಡ್ಡಿಗಳೆಲ್ಲ ಅಡ್ಡ ಇರ್ತಿದ್ವು. ಮಲಗಿಸಿ ನೋಡು.’

ಆಮೇಲೆ ಹುಡುಕಿ ನೋಡಿದರೆ ಅಪ್ಪ ಹೇಳಿದ್ದೇ ಸರಿ. ಕ್ರಿಸ್ಟಲ್ ಪ್ಯಾಲೇಸ್‌ನಿಂದ ಬರುವ ಅಲೆಗಳು ಅಡ್ಡಲಾಗಿ ಅಲುಗುತ್ತವೆ. ಕಡ್ಡಿಯೂ ಅಡ್ಡ ಇದ್ದರೇ ಚೆನ್ನಾಗಿ ಹಿಡಿಯುವುದು. ಹೆಂಚನ್ನೇ ಕಿಟಕಿಯ ಒಂದು ಪಕ್ಕದ ಗೋಡೆಗೆ ಒರಗಿಸಿ ನೆಟ್ಟಗೆ ನಿಲ್ಲಿಸಿದೆ, ಆಂಟೆನಾ ಅದರಿಂದ ಕಿಟಕಿಗೆ ಅಡ್ಡಲಾಗಿ ಚಾಚಿಕೊಂಡಿತು. ಚಿತ್ರ ನಿಂತಿತು. ಎಚ್‌ಡಿ ಬರಲಿಲ್ಲ, ಅದು ಡಿವಿಬಿ-ಟಿ2 ಅನ್ನುವ ಹೊಸ ಪ್ರಸಾರ ಪದ್ಧತಿಯಲ್ಲಿ ಬರುತ್ತದೆ, ನನ್ನದು ಹಿಡಿಯುವುದು ಬರೀ ಹಳೇ ಡಿವಿಬಿ-ಟಿ. ಪರವಾಗಿಲ್ಲ. ಈಗಲೂ ಅಪ್ಪನೇ ಸ್ವಲ್ಪ ಮುಂದೆ. ಆದರೆ ಇಬ್ಬರೂ ಒಂದೇ ಬಾಲ್ ನೋಡುತ್ತಿದ್ದೆವು. ಅವರ ‘ಹೋದ!’ ಮುಗಿಯುವಷ್ಟರಲ್ಲಿ ನನ್ನದೂ ಶುರುವಾಗುತ್ತಿತ್ತು.

ಎರಡನೇ ಟೆಸ್ಟಿನ ಮೂರನೇ ದಿನ ಸೋಮವಾರ. ನನಗೆ ಬೆಳಿಗ್ಗೆಯೆಲ್ಲ ಮೀಟಿಂಗ್. ನಾಲ್ಕು ಗಂಟೆಗೇ ರೆಕಾರ್ಡಿಂಗ್ ಹಾಕಿಟ್ಟೆ. ಜಾಣತನ ಮಾಡಲು ಹೋಗಿ ಒಂದು ಚಾನೆಲ್ ಬದಲು ಇಡೀ ಮಲ್ಟಿಪ್ಲೆಕ್ಸ್, ಅಂದರೆ ಆ ಫ್ರೀಕ್ವೆನ್ಸಿಯಲ್ಲಿ ಬರುವ ಎಲ್ಲ ಚಾನೆಲ್‌ಗಳನ್ನೂ ಹಿಡಿದುಬಿಟ್ಟಿದ್ದೆ. ಸೆಕೆಂಡಿಗೆ 24 ಮೆಗಾಬಿಟ್, ಗಂಟೆಗೆ ಹತ್ತು ಜಿಬಿ ಮೇಲೆ. ಖಾಲಿ ಇದ್ದ 40 ಜಿಬಿ ನಾಲ್ಕು ಗಂಟೆಯೊಳಗೆ ತುಂಬಿ ರೆಕಾರ್ಡಿಂಗ್ ನಿಂತಿತು. ಅಶ್ವಿನ್ ನೂರು ಹೊಡೆದದ್ದು ಅದಾದ ಮೇಲೆ. ಅಶ್ವಿನ್‌ಗಿಂತ ಜಾಸ್ತಿ ಕುಣಿದದ್ದು ಆ ತುದಿಯಲ್ಲಿದ್ದ ಸಿರಾಜ್ ಅಂತೆ. ಸಂಜೆ ಅಪ್ಪ ಹೇಳಿದ್ದು. ಆಮೇಲೆ ಹೈಲೈಟ್ಸ್ ನೋಡಿದೆ, ಅಪ್ಪ ಹೇಳಿದ್ದರಷ್ಟು ಮಜಾ ಇರಲಿಲ್ಲ.

ಸರಿ, ಇದು ಹೊಸ ಮನೆ. ಟವರ್ ಕಾಣಿಸುವುದಿಲ್ಲ, ಎದುರಿಗೆ ಬಿಲ್ಡಿಂಗ್. ಹೆಂಚು ಅದೇ. ಸ್ವಲ್ಪ ಎಡಕ್ಕೆ... ಬಂತು! ಚಾನೆಲ್ 4ರಲ್ಲಿ ಯಾರೋ ಮನೆ ನೋಡಲು ಹೊರಟಿದ್ದಾರೆ. ಕ್ರಿಕೆಟ್ ಇಲ್ಲ. ಇನ್ನೊಂದು ಮೂಲೆಯಲ್ಲಿ ವಿಡಿಯೊ ಕಾಲ್‌ನಲ್ಲಿ ಅಪ್ಪ.

‘ಅಪ್ಪಾ, ಚಿತ್ರ ಬಂತು.’

‘ಹಾಗಾದ್ರೆ ಅಲ್ಲಾಡಿಸ್ಬೇಡ. ಇವತ್ತು ದೋಸೆ ಬೇಡ, ಉಪ್ಪಿಟ್ಟು ಮಾಡ್ಕೋ.’